ಬೀಗರು ಕಳಿಸಿದ ಟಾಕಿ

ನಮ್ಮದು ಮೇಡ್ಲೇರಿ ಕಡೆಯ ನಡುಗಡ್ಡೆ, ಹತ್ತಾರು ಮನೆ. ಸುತ್ತ ತುಂಗಭದ್ರೆ ಇದ್ದೂ ಕುಡಿಯಲು ನೀರಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಮಳೆಗಾಲದಲ್ಲಿ ಹೊಳೆ ಬರೀ ಕೆಂಪು ರಾಡಿ. ಬೋರಿನದು ಸವಳು, ಚಹಾಕ್ಕೆ ಹಾಕಿದರೆ ಹಾಲು ಒಡೆಯುತ್ತದೆ. ಈಗ ಗುಡಿಯ ಪಕ್ಕ ಆ ಸವಳು ತೆಗೆಯುವ ಯಂತ್ರ ಬಂದಿದೆ, ಬಿಸಿಲಿನಿಂದ ನಡೆಯುವಂಥದ್ದು. ಬಿಸಿಲಿದ್ದ ದಿನ ಮನೆಮನೆಗೆ ಸಿಹಿನೀರು. ಮೋಡ ಕವಿದರೆ ಯಂತ್ರವೂ ಮಲಗುತ್ತದೆ.

ತಮ್ಮನಿಗೆ ಬ್ಯಾಡಗಿಯ ಹುಡುಗಿಯ ಜೊತೆ ಮದುವೆ ಗೊತ್ತಾಗುವುದರಲ್ಲಿತ್ತು. ಮನೆ ನೋಡುವುದೊಂದು ಉಳಿದಿತ್ತು. "ನೀರಿನ ತ್ರಾಸ ಇದ್ದಲ್ಲಿ ಹುಡುಗೀನ ಕೊಡಂಗಿಲ್ರಿ" ಎಂದು ಮೊದಲೇ ಹೇಳಿ ಕಳಿಸಿದ್ದರು. ಅವರು ಬರುವ ಮುನ್ನಾದಿನವೇ ಮೋಡ ಹಿಡಿದು ಕೂತಿತು.

ಅವರು ಬರುವ ದಿನ ಬೆಳಿಗ್ಗೆ ಅವ್ವ ಕೊಡ ಕೈಗೆ ಕೊಟ್ಟು, "ಲಗೂ ಹೋಗಿ ಬಾ, ಕೇಳಾಕ ನಾಚಬ್ಯಾಡ" ಎಂದಳು. ಬಾಗಿಲು ಬಾಗಿಲಿಗೆ ನಿಂತೆ. ಒಬ್ಬರು ತಂಬಿಗೆ, ಒಬ್ಬರು ಚರಿಗೆ ಸುರಿದರು. ಮೂಲೆಮನೆಯ ಚಿಗವ್ವ ತನ್ನ ಕೊಡ ಬಗ್ಗಿಸುತ್ತ, "ಏನಪಾ, ಹೆಣ್ಣ ಕೇಳೂಕಿಂತ ಮೊದಲ ನೀರ ಕೇಳಾಕ ಬಂದಿ?" ಎಂದು ನಕ್ಕಳು. ತಲೆ ಎತ್ತದೆ ಬಂದೆ.

ಬೀಗರಾಗುವವರು ಹರಿಗೋಲಿನಲ್ಲಿ ದಾಟಿ ಬಂದರು. ಚಹಾ ಒಡೆಯಲಿಲ್ಲ. ಅಷ್ಟರಲ್ಲಿ ಹುಡುಗಿಯ ಅಜ್ಜಿ ಗುಳಿಗೆ ನುಂಗಲೆಂದು ತಾವೇ ಅಡುಗೆಮನೆಗೆ ಹೋಗಿ, ಮೂಲೆಯಲ್ಲಿದ್ದ ಬಳಸುವ ಬೋರಿನ ನೀರಿನ ಹಂಡೆಗೆ ಲೋಟ ಅದ್ದಿ ಬಾಯಿಗಿಟ್ಟರು.

"ಯವ್ವಾ! ಹೊಳಿ ನಡುವ ಸಮುದ್ರ ಇಟ್ಟೀರಲ್ಲ!"

ಅವ್ವ ಸೆರಗು ಬಾಯಿಗೆ ಹಿಡಿದಳು. ನಾನು ನೆಲ ನೋಡಿದೆ. ತಮ್ಮನೇ ಬಾಯಿಬಿಟ್ಟ: "ಖರೇ ಹೇಳ್ತೇನ್ರಿ ಆಯಿ. ಬಿಸಲಿದ್ರ ಸಿಹಿನೀರು, ಮೋಡ ಆದ್ರ ಇದ. ನೀವು ಕುಡದ ಚಹಾದ ನೀರು ಮಂದಿ ಮನೀದು."

"ಬಿಸಲಿದ್ದಾಗ ತುಂಬಿ ಇಟಗೊಳ್ಳಾಕ ಏನಾಗೇತಿ?"

"ಕೊಡದಾಗ ಇಡ್ತೀವ್ರಿ. ಮರುದಿನಕ್ಕ ಮುಗೀತೈತಿ."

ಅಜ್ಜಿ ಲೋಟ ಕೆಳಗಿಟ್ಟು ಹೊರಟರು. ಸಂಬಂಧ ಹೋಯಿತೆಂದೇ ತಿಳಿದೆವು.

ಹೋಗಲಿಲ್ಲ. ತುಳಸಿ ಲಗ್ನ ಮುಗಿದ ಮೇಲೆ ಮದುವೆಯಾಯಿತು. ಹೆಣ್ಣಿನ ಕಡೆಯ ಭಾಂಡೆ ಸಾಮಾನು ಬರುವಾಗ ಊರೆಲ್ಲ ದಂಡೆಯಲ್ಲಿತ್ತು. ಹರಿಗೋಲಿನಲ್ಲಿ ಕೊಪ್ಪರಿಗೆ, ಪರಾತ, ಅವುಗಳ ನಡುವೆ ನೀರು ತುಂಬಿಡುವ ದೊಡ್ಡದೊಂದು ಕರೀ ಟಾಕಿ.

"ಬೀಗರು ನೀರ ಇಡೂದೂ ಕಲಿಸಿ ಕಳಸ್ಯಾರಲೇ!" ಯಾರೋ ಕೂಗಿದರು. ಗಂಡಿನ ಕಡೆಯವನೆಂದು ತಲೆಗೆ ಪಟಕಾ ಸುತ್ತಿಕೊಂಡು ನಿಂತಿದ್ದೆ. ಆ ಪಟಕಾ ಎಲ್ಲಿಡಲೆಂದು ತಿಳಿಯಲಿಲ್ಲ. ಯಂತ್ರ ಬಂದಾಗಿನಿಂದ ಪ್ರತಿ ಮಳೆಗಾಲವೂ ಮೋಡವನ್ನು ಬೈದದ್ದೇ ಬಂತು. ಒಂದು ಟಾಕಿ ನಮಗ್ಯಾರಿಗೂ ಹೊಳೆದಿರಲಿಲ್ಲ.

ಈಗ ಮೋಡದ ದಿನ ಚಿಗವ್ವನೇ ನಮ್ಮಲ್ಲಿಗೆ ಕೊಡ ತರುತ್ತಾಳೆ. ತಮ್ಮನ ಹೆಂಡತಿ ತುಂಬಿ ಕೊಟ್ಟು, "ಭಾವಾರ, ನಿಮಗೊಂದ ಚರಿಗಿ ಕೊಡ್ಲೇನ್ರಿ?" ಅನ್ನುತ್ತಾಳೆ. ಬೇಡವೆನ್ನಲಾರೆ. ಅವಳ ಮುಖ ನೋಡದೆ ಇಸಿದುಕೊಂಡು ಕುಡಿಯುತ್ತೇನೆ.