ಅರಳೆಯ ಕಿವಿ ಹಿಂದಿನ ಗಂಟು

"ಅವಳಿಗೇನಮ್ಮ, ಹುಲಿ ಬಾಯಿಗೆ ಕೈ ಹಾಕಿ ಹಲ್ಲು ಎಣಿಸಿ ಬರ್ತಾಳೆ" ಅಂತ ಎದುರು ಮನೆಯವರು ಹೇಳೋರು. "ಆ ಮನೆಗೆ ಬೀಗ ಯಾಕೆ? ಕಳ್ಳ ಬಂದರೆ ಹಿಡಿದು ಕೂರಿಸಿ, ತಲೆ ಬಾಚಿ ಕಳಿಸ್ತಾಳೆ" ಅಂತ ಪಕ್ಕದ ಮನೆಯವರು. ಮೂಲೆ ಅಂಗಡಿಯವನಂತೂ ತನ್ನ ಹೆಂಡತಿ ಜಿರಲೆ ಕಂಡು ಕಿರುಚಿದಾಗಲೆಲ್ಲ, "ಬಾಚಣಿಗೆಯಕ್ಕನ್ನ ನೋಡಿ ಕಲಿ" ಅಂದು ಆಮೇಲೆ ಊಟಕ್ಕೆ ಕಾಯುತ್ತಾ ಕೂತಿರುತ್ತಿದ್ದ.

ಬಾಚಣಿಗೆಯಕ್ಕ ಅಂದರೆ ಬೀದಿಯ ತಿರುವಿನ ಮನೆಯ ಹೆಂಗಸು. ಸಾಕಿದ ನಾಯಿಗಳ ಮೈ ತೊಳೆದು, ಕೂದಲು ಬಾಚಿ, ಉಗುರು ಕತ್ತರಿಸಿ ಕೊಡುವುದು ಅವಳ ಕಸುಬು. ಗಂಡ ದರ್ಜಿ. ಮುಂದಿನ ಕೋಣೆಯ ಅರ್ಧದಲ್ಲಿ ಅವನ ಹೊಲಿಗೆ ಯಂತ್ರ, ಇನ್ನರ್ಧದಲ್ಲಿ ಅವಳ ಮೇಜು. ಅವನ ಕಡೆ ಬಟ್ಟೆ ಚೂರು, ಇವಳ ಕಡೆ ಕೂದಲು. ಹೊಲಿಸಿಕೊಂಡವರ ಅಂಗಿಯ ಕಂಕುಳಲ್ಲಿ ಯಾವುದೋ ನಾಯಿಯ ಎಳೆ ಸಿಕ್ಕೇ ಸಿಗುತ್ತಿತ್ತು. "ಅಸ್ತರ್ ಜೊತೆ ಉಣ್ಣೆ ಬಿಟ್ಟಿ" ಅನ್ನುತ್ತಿದ್ದ ಆತ.

ಊರಿಗೆಲ್ಲ ಗೊತ್ತಿಲ್ಲದ, ಆ ದರ್ಜಿಯೊಬ್ಬನಿಗೇ ಗೊತ್ತಿದ್ದ ಮಾತು ಒಂದಿತ್ತು. ಅವಳಿಗೆ ನಾಯಿ ಅಂದರೆ ಪ್ರಾಣಭಯ.

ನಗಬೇಡಿ, ನಿಜ. ಮೊದಲು ಅವಳು ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿಯಲ್ಲಿದ್ದಳು. ಒಂದು ದಿನ ದೊಡ್ಡ ಮನೆಯಾಕೆಯೊಬ್ಬರು ಮಡಿಲಲ್ಲಿ ಪುಟ್ಟ ನಾಯಿ ಇಟ್ಟುಕೊಂಡು ಬಂದು, "ಇದರದ್ದೂ ಸ್ವಲ್ಪ ಬಿಡಿಸಿಬಿಡಮ್ಮ" ಅಂದರು. ಆಗೋದಿಲ್ಲ ಅನ್ನಲು ಇವಳಿಗೆ ನಾಲಿಗೆ ಏಳಲಿಲ್ಲ. ನಾಯಿಗಿಂತ ಆ ಮಾತಿಗೇ ಹೆಚ್ಚು ಹೆದರುವ ಹೆಣ್ಣು. ಬೆರಳ ತುದಿಯಲ್ಲೇ ಒಂದೊಂದೇ ಎಳೆ ಬಿಡಿಸಿದಳು. ನಾಯಿ ನಿದ್ದೆ ಹೋಯಿತು! "ಎಂಥ ಹಗುರ ಕೈ!" ಅಂತ ಆಕೆ ಹತ್ತು ಮನೆಗೆ ಸಾರಿಬಂದರು. ಅಲ್ಲಿಗೆ ಮುಗಿಯಿತು ಕಥೆ, ಬಂತು ಕಸುಬು.

ಹಗುರವಲ್ಲ ಅದು, ಭಯ. ಎಳೆದರೆ ಕಚ್ಚುತ್ತೆ ಅಂತ ಅವಳು ಎಂದೂ ಎಳೆಯುತ್ತಿರಲಿಲ್ಲ. ಗಂಟಾದ ಕೂದಲನ್ನು ಬುಡದಲ್ಲಿ ಎಡಗೈ ಬೆರಳಿಂದ ಬಿಗಿ ಹಿಡಿದು, ತುದಿಯಿಂದ ಶುರುಮಾಡಿ ಮೇಲಕ್ಕೆ ಬಿಡಿಸುತ್ತಿದ್ದಳು. ಜಗ್ಗಿದ್ದು ಚರ್ಮಕ್ಕೆ ತಾಕದಂತೆ. ನೀರು ಸೋಕಿಸುವ ಮೊದಲೇ ಬಾಚುತ್ತಿದ್ದಳು, ಯಾಕೆಂದರೆ ನೆನೆದ ಗಂಟು ಹಟಮಾರಿ ಅತ್ತೆಯ ಹಾಗೆ, ಬಿಗಿದೇ ಬಿಗಿಯುತ್ತದೆ. ಬಾಚುವಾಗ ಕಣ್ಣು ಕೂದಲ ಮೇಲಿರುತ್ತಿರಲಿಲ್ಲ, ನಾಯಿಯ ಮುಖದ ಮೇಲಿರುತ್ತಿತ್ತು. ಕಿವಿ ಹಿಂದಕ್ಕೆ ಒರಗಿತೇ? ಕಣ್ಣಂಚಲ್ಲಿ ಬಿಳುಪು ಕಂಡಿತೇ? ಬಾಯಿ ಮುಚ್ಚಿ ಉಸಿರು ಹಿಡಿಯಿತೇ? ಹಿಡಿದರೆ ಅವಳ ಕೈ ಅಲ್ಲೇ ನಿಲ್ಲುತ್ತಿತ್ತು.

ಪ್ರತಿ ಬೆಳಿಗ್ಗೆ ಅವಳು ಬಾಗಿಲು ತೆರೆಯದೆ ನಿಂತಿರುತ್ತಿದ್ದಳು. ಗಂಡ ಸೂಜಿಗೆ ದಾರ ಪೋಣಿಸುತ್ತಾ ಕೇಳುತ್ತಿದ್ದ:

"ಇವತ್ತಿನ ಹುಲಿ ಎಷ್ಟು ದೊಡ್ಡದು?"

"ಮೊಣಕಾಲವರೆಗೆ ಬರುತ್ತೆ."

"ನಿನ್ನ ಮೊಣಕಾಲೋ, ನನ್ನದೋ?"

"ನಗ್ತೀರಲ್ಲ, ಬಂದು ಹಿಡ್ಕೊಳ್ಳಿ ನೋಡೋಣ."

"ಅಯ್ಯಪ್ಪ, ನಾನು ಬಟ್ಟೆಗೇ ಹೆದರೋ ಮನುಷ್ಯ ಕಣೇ."

ಅಷ್ಟು ಅಂದಮೇಲೆ ಅವಳು ಒಂದು ಲೋಟ ನೀರು ಕುಡಿದು ಬಾಗಿಲು ತೆರೆಯುತ್ತಿದ್ದಳು.

ಎಲ್ಲ ನಾಯಿಗಳಿಗಿಂತ ಅವಳು ಹೆಚ್ಚು ಹೆದರುತ್ತಿದ್ದುದು ಅರಳೆಗೆ. ಆಚೆ ಬೀದಿಯ ಟೀಚರಮ್ಮನ ನಾಯಿ ಅದು. ಟೀಚರಮ್ಮ ಕೆಲಸದಿಂದ ನಿವೃತ್ತರಾದ ಒಂಟಿ ಜೀವ. ನಾಯಿಯ ಮೈ ಬಿಡಿಸಿದ ಹತ್ತಿಯಂತೆ ಬೆಳ್ಳಗೆ, ಸೊಂಟದೆತ್ತರ. ಮೇಲೆ ಉದ್ದ ಕೂದಲು, ಒಳಗೆ ಉಣ್ಣೆಯಂಥ ಇನ್ನೊಂದು ಪದರ. ಇಂಥ ನಾಯಿಗೆ ಬೇಸಗೆ ಬಂತೆಂದು ಬೋಳಿಸಬಾರದು, ಆ ಪದರವೇ ಅದಕ್ಕೆ ಕೊಡೆ. ಟೀಚರಮ್ಮ ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದರೆ ಅರಳೆ ಸುಮ್ಮನಿರುತ್ತಿದ್ದ. ಆ ಧ್ವನಿಯ ಬೇಲಿಯೊಳಗೆ ನಮ್ಮ ಬಾಚಣಿಗೆಯಕ್ಕನೂ ಸುಮ್ಮನಿರುತ್ತಿದ್ದಳು.

ಒಮ್ಮೆ ಟೀಚರಮ್ಮ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು. ಮನೆ ನೋಡಿಕೊಳ್ಳಲು ಅವರ ತಮ್ಮ ಬಂದ. ಕೆಲವು ವಾರ ಕಳೆದು ಆ ತಮ್ಮನ ಫೋನು.

"ಅಕ್ಕ ನಾಡಿದ್ದು ಮನೆಗೆ ಬರ್ತಾರೆ. ನಾಯಿ ನಾರುತ್ತೆ, ಹತ್ರ ಹೋದ್ರೆ ಗುರ್ ಅನ್ನುತ್ತೆ. ಕಿವಿ ಹಿಂದೆ ಗಂಟಾಗಿದೆ, ಮುಟ್ಟೋಕೆ ಬಿಡಲ್ಲ. ಕೋಲು ಹಿಡ್ಕೊಂಡು ನಡೆಯೋ ಹೆಂಗಸಿನ ಜೊತೆ ಇಂಥದ್ದನ್ನ ಹೇಗೆ ಬಿಡಲಿ? ನಾಳೆ ನಾಯಿ ಡಾಕ್ಟರಿಗೆ ಬರೋಕೆ ಹೇಳಿದ್ದೀನಿ. ಇವತ್ತು ನಿಮ್ಮ ಕೈಲಿ ತೊಳೆಸ್ಕೊಂಡು ಸುಮ್ಮನಿದ್ರೆ ಸರಿ. ಯಾರನ್ನಾದ್ರೂ ಕಚ್ಚಿದ್ರೆ ಮಾತ್ರ ಸೂಜಿ ಹಾಕಿಸಿ ಮಲಗಿಸೋದೇ."

ಮಲಗಿಸೋದು ಅಂದರೆ ಮತ್ತೆ ಏಳದ ಹಾಗೆ ಅಂತ ಅವಳು ಕೇಳದೆಯೇ ತಿಳಿದಳು. "ಬರ್ತೀನಣ್ಣ" ಅಂದಳು. ಫೋನು ಇಟ್ಟು ಬಾಚಣಿಗೆಯ ಚೀಲ ತೆಗೆದಳು. ಕಿವಿ ಹಿಂದೆ ಗಂಟು. ಅದು ದಿನವೂ ಕಾಣುವಂಥದ್ದು. ವಾರಗಟ್ಟಲೆ ಬಾಚದಿದ್ದರೆ ಮೊದಲು ಗಂಟು ಕಟ್ಟುವುದೇ ಕಿವಿ ಹಿಂದೆ, ಆಮೇಲೆ ಕಂಕುಳಲ್ಲಿ. ಕಸುಬಿನವಳ ಕಿವಿಗೆ ಗಂಟು ಅಂದರೆ ಕೂದಲೇ ತಾನೇ? ಬೇರೆ ಗಂಟು ಅವಳ ತಲೆಗೆ ಹೊಳೆಯಲೇ ಇಲ್ಲ.

ಟೀಚರಮ್ಮನ ಮನೆಯ ಬಚ್ಚಲಲ್ಲಿ ಅರಳೆಯನ್ನು ಮೈಪಟ್ಟಿಯಿಂದ ಗೋಡೆಯ ಕೊಂಡಿಗೆ ಕಟ್ಟಿದ್ದರು. ಬಿಳಿ ಮೈ ಹಳೆಯ ನೆಲವಸ್ತ್ರದ ಬಣ್ಣಕ್ಕೆ ತಿರುಗಿತ್ತು. ಕಚ್ಚದಂತೆ ಬಾಯಿಗೆ ಕುಕ್ಕೆ ಹಾಕೋಣವೆಂದರೆ ಅದರ ಪಟ್ಟಿ ಹಾಯುವುದೇ ಕಿವಿಯ ಹಿಂದೆ. ಪಟ್ಟಿ ಕಂಡರೇ ಹಲ್ಲು ಕಾಣುತ್ತಿತ್ತು.

"ನಾನು ಒಳಗೆ ಬರಬೇಕಾ?" ತಮ್ಮ ಕೇಳಿದ. ಅವನ ಒಂದು ಕಾಲು ಆಗಲೇ ಹಜಾರದಲ್ಲಿತ್ತು.

"ಬೇಡಣ್ಣ. ಇಬ್ಬರಿದ್ರೆ ಅದಕ್ಕೆ ಗಾಬರಿ."

ಬಾಗಿಲು ಮುಚ್ಚಿತು. ಮಂಜುಗಾಜಿನ ಆಚೆ ಅವನ ನೆರಳು ನಿಂತೇ ಇತ್ತು.

ಅವಳು ಅರಳೆಗೆ ಓರೆಯಾಗಿ ನೆಲದ ಮೇಲೆ ಕೂತಳು. ಗುರುಗುಟ್ಟುವ ಸದ್ದು ಬಚ್ಚಲ ಗೋಡೆಗೆ ಬಡಿದು ನಾಲ್ಕು ನಾಯಿಯಷ್ಟಾಗಿ ಕೇಳುತ್ತಿತ್ತು. ಹೋಗಿಬಿಡಲಾ? ಹೋದರೆ ನಾಳೆ ಸೂಜಿ. ಟೀಚರಮ್ಮ ಬಂದು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರೆ? ಅವಳು ಕೂತಲ್ಲೇ ಕೂತಳು. ಗುರುಗುಟ್ಟು ಇಳಿಯಿತು. ಬೆನ್ನು ಮುಟ್ಟಿದಳು, ಬಿಟ್ಟ. ಭುಜ ಮುಟ್ಟಿದಳು, ಬಿಟ್ಟ. ಅರ್ಧ ಜೀವ ಬಂತು. ಇನ್ನು ಅತಿ ಕಷ್ಟದ್ದನ್ನೇ ಮೊದಲು ಮುಗಿಸಿಬಿಡೋಣ ಎಂದುಕೊಂಡಳು. ಹೆದರಿದವರ ಅವಸರ ಅದು. ಕಿವಿಯ ಹಿಂದೆ ಬೆರಳು ಹಾಕಿ, ಗಂಟಿನ ಬುಡ ಹುಡುಕಿ, ಎಂದಿನಂತೆ ಬಿಗಿಯಾಗಿ ಹಿಡಿದಳು.

ಅದು ಬೆಚ್ಚಗಿತ್ತು. ಕೂದಲು ಬೆಚ್ಚಗಿರುವುದಿಲ್ಲವಲ್ಲ ಎಂದು ಅನ್ನಿಸುವಷ್ಟರಲ್ಲಿ ಹಲ್ಲು ಅವಳ ಎಡಗೈಯಲ್ಲಿತ್ತು.

ಎಷ್ಟು ಹೊತ್ತೋ, ಒಂದು ರೆಪ್ಪೆ ಬಡಿಯುವಷ್ಟಿರಬಹುದು. ಅರಳೆಯೇ ಬಿಟ್ಟು ಮೂಲೆಗೆ ಒತ್ತಿ ನಿಂತ. ಅವಳ ಬಾಯಿಂದ ಹೊರಟ ಸದ್ದು ಅವಳಿಗೇ ಗುರುತು ಸಿಗಲಿಲ್ಲ.

ನೆರಳು ಅಲುಗಾಡಿತು. "ಏನಾಯ್ತು? ಕಚ್ಚಿತಾ?"

ಹೌದು ಅಂದರೆ ಬಾಗಿಲು ತೆರೆಯುತ್ತದೆ, ಅವಳು ಮನೆಗೆ ಹೋಗಬಹುದು. ಕಾಲುಗಳು ಆಗಲೇ ಎದ್ದು ನಿಂತಿದ್ದವು. ಆದರೆ ಮೂಲೆಯಲ್ಲಿ ಆ ದೊಡ್ಡ ನಾಯಿ ತೊಡೆಯಿಂದ ನಡುಗುತ್ತಿತ್ತು, ಕೆಳಗೆ ಉಚ್ಚೆ ಹರಿದಿತ್ತು. ಮಾಂಸದ ಗಂಟನ್ನು ಕೂದಲೆಂದು ಹಿಡಿದು ಹಿಂಡಿದವಳು ತಾನು.

"ಇಲ್ಲಣ್ಣ," ಅಂದಳು. "ನನ್ನ ಕತ್ತರಿ ನನಗೇ ತಗುಲಿತು."

ಸುಳ್ಳೇನೋ ಹೇಳಿಯಾಯಿತು. ಈಗ ಆ ಸುಳ್ಳಿನ ಒಳಗೆ ಕೂತು ಕೆಲಸ ಮುಗಿಸಬೇಕಲ್ಲ! ಕಚ್ಚದ ನಾಯಿಯನ್ನು ಅರ್ಧಕ್ಕೆ ಬಿಟ್ಟು ಬರುವವರುಂಟೇ? ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪಿನಿಂದ ತೊಳೆದಳು, ಮತ್ತೆ ತೊಳೆದಳು, ಕೆಂಪು ತಿಳಿಯಾಗುವವರೆಗೂ ತೊಳೆದಳು. ಟವೆಲು ಸುತ್ತಿ ಹಲ್ಲಿಂದ ಗಂಟು ಹಾಕಿಕೊಂಡಳು. ಆಮೇಲೆ, ಈಗಷ್ಟೇ ಕಚ್ಚಿದ ಆ ಬಾಯಿಯಿಂದ ಒಂದು ಮೊಳ ದೂರದಲ್ಲಿ ಕೂತು, ಬಾಲದ ತುದಿಯಿಂದ ಶುರುಮಾಡಿದಳು. ಅವಳೂ ನಡುಗುತ್ತಿದ್ದಳು, ನಾಯಿಯೂ ನಡುಗುತ್ತಿತ್ತು. ಅದು ತಲೆ ತಿರುಗಿಸಿದಾಗಲೆಲ್ಲ ಅವಳು ಬಾಚಣಿಗೆ ಎತ್ತಿ ಕಾಯುತ್ತಿದ್ದಳು. ಬಾಲ, ತೊಡೆ, ಹೊಟ್ಟೆ, ಬೆನ್ನು. ಬಾಚಿ, ಉಗುರುಬೆಚ್ಚಗಿನ ನೀರು ಹಾಕಿ, ಬುಡದವರೆಗೂ ಒಣಗಿಸಿದಳು. ಕಿವಿಯ ಹತ್ತಿರ ಅಂಗೈ ಅಗಲದ ಜಾಗವನ್ನು ಮುಟ್ಟಲೇ ಇಲ್ಲ.

ಬಾಗಿಲು ತೆರೆದಾಗ ತಮ್ಮ ಬೆಳ್ಳನೆಯ ನಾಯಿಯನ್ನು ನೋಡಿದ, ಆಮೇಲೆ ಟವೆಲು ನೋಡಿದ.

"ಅಣ್ಣ, ಅದು ಕೂದಲ ಗಂಟಲ್ಲ. ಒಳಗೆ ಮಾಂಸದ್ದು. ಅದಕ್ಕೇ ಮುಟ್ಟಿಸ್ಕೊಳ್ಳಲ್ಲ."

"ನಾನು ಹೇಳಿದ್ದೂ ಅದೇ ಅಲ್ವೇನ್ರೀ? ಗಂಟಾಗಿದೆ ಅಂತ!"

"ನನಗೆ ಗಂಟು ಅಂದ್ರೆ ಕೂದಲದ್ದೇ."

"ನಮಗೆಲ್ಲ ಗಂಟು ಅಂದ್ರೆ ಗಂಟು." ಅವನು ಟವೆಲಿನ ಮೇಲೆ ಕಣ್ಣಿಟ್ಟೇ ಇದ್ದ. ಕೆಂಪು ಒಸರಿತ್ತು, ಎರಡು ದುಂಡನೆಯ ಬೊಟ್ಟು. "ಕತ್ತರಿಗೆ ಕೋರೆಹಲ್ಲು ಇರುತ್ತಾ?"

ಇಷ್ಟು ಹೊತ್ತು ಹಲ್ಲಿನ ಪಕ್ಕ ಕೂತಿದ್ದಕ್ಕಿಂತ ಈಗ ಹೆಚ್ಚು ಹೆದರಿಕೆಯಾಯಿತು. ನೆಲ ನೋಡುತ್ತಾ ಹೇಳಿದಳು: "ನಿಮ್ಮ ಕಿವಿ ಹಿಂದೆ ಕುರು ಎದ್ದಿದೆ ಅನ್ಕೊಳ್ಳಿ. ಯಾರೋ ಬಂದು ಅದನ್ನ ಹಿಂಡ್ತಾರೆ. ನೀವೇನು ಮಾಡ್ತೀರಿ?"

ಅವನ ಕೈ ತಾನಾಗಿ ತನ್ನ ಕಿವಿಯ ಹಿಂದಕ್ಕೆ ಹೋಯಿತು.

"ಹಿಂಡಿದ್ದು ನಾನು. ಆಮೇಲೆ ಇಡೀ ಮೈ ಬಾಚಿದ್ದೀನಿ, ತುಟಿ ಎತ್ತಿಲ್ಲ. ನಾಳೆ ಡಾಕ್ಟರು ಬರಲಿ. ಗಂಟು ನೋಡೋಕೆ ಬರಲಿ."

"ಮೊದಲು ನೀವು ಡಾಕ್ಟರ ಹತ್ರ ಹೋಗಿ ತಾಯಿ," ಅಂದ ಅವನು, ಧ್ವನಿ ಇಳಿಸಿ. "ನಡೀರಿ, ಗಾಡಿ ತೆಗೀತೀನಿ. ನಾಯಿಗೆ ಲಸಿಕೆ ಹಾಕ್ಸಿದೆ, ಆದ್ರೂ ನಡೀರಿ."

ದವಾಖಾನೆಯಲ್ಲಿ ಚುಚ್ಚಿಸಿಕೊಂಡು ಬಂದವಳನ್ನು ಕಂಡು ದರ್ಜಿ ಯಂತ್ರ ನಿಲ್ಲಿಸಿದ. ಆವತ್ತು ಅವನಿಗೆ ಒಂದು ತಮಾಷೆಯೂ ನೆನಪಾಗಲಿಲ್ಲ.

ಮರುದಿನ ಡಾಕ್ಟರು ಬಂದು ಗಂಟು ನೋಡಿ, ಕೊಯ್ದು ತೆಗೆಯಬಹುದು, ಮತ್ತೆ ಬರಲೂಬಹುದು ಅಂದರು. ಟೀಚರಮ್ಮ ಕೋಲೂರಿಕೊಂಡು ಬಂದಾಗ ಅರಳೆ ಗಂಟು ಕೊಯ್ಯಿಸಿಕೊಂಡು, ಕುತ್ತಿಗೆಗೆ ಗಾಯದ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲೇ ಇದ್ದ.

ಇಷ್ಟಾದಮೇಲೆ ಬಾಚಣಿಗೆಯಕ್ಕನ ಭಯ ಹೋಯಿತು ಅಂದರೆ ಕಥೆ ಚೆನ್ನಾಗಿರುತ್ತಿತ್ತು. ಹೋಗಲಿಲ್ಲ, ಹೆಚ್ಚಾಯಿತು. ಮೊದಲು ಕಚ್ಚೀತು ಅನ್ನುವ ಭಯ, ಈಗ ನೋಯಿಸಿಯೇನು ಅನ್ನುವುದೂ ಸೇರಿ ಎರಡಾಯಿತು. ಯಾರು ಫೋನು ಮಾಡಿ ಗಂಟು ಅಂದರೂ, "ಕೂದಲದ್ದೋ, ಮೈಯದ್ದೋ? ಬೆಚ್ಚಗಿದೆಯಾ, ತಣ್ಣಗಿದೆಯಾ?" ಅಂತ ಕೇಳುತ್ತಿದ್ದಳು. ಅರಳೆಯ ಮನೆಗೂ ಹೋಗುತ್ತಲೇ ಇದ್ದಳು. ಪ್ರತಿ ಸಲವೂ ಗೇಟು ಮುಟ್ಟುವಾಗ ಎಡಗೈ ಜೋಮು ಹಿಡಿಯುತ್ತಿತ್ತು.

ಗಂಟು ಮತ್ತೆ ಬಂತು. ಈ ಸಲ ಕೊಯ್ಯುವುದು ಬೇಡ, ಮುದುಕನಾಗಿದ್ದಾನೆ ಅಂದರು ಡಾಕ್ಟರು. ಒಂದು ಮಧ್ಯಾಹ್ನ ಟೀಚರಮ್ಮ ಕರೆದರು. ಅರಳೆ ಕಿಟಕಿಯ ಕೆಳಗೆ ಹಾಸಿದ ಹೊದಿಕೆಯ ಮೇಲೆ ಮಲಗಿದ್ದ, ಪಕ್ಕೆ ಮೆಲ್ಲಗೆ ಏಳುತ್ತಿತ್ತು.

"ಒಂದ್ಸಲ ಬಾಚ್ತೀಯೇನಮ್ಮ? ಅವನಿಗೆ ಇಷ್ಟ."

"ಇಷ್ಟ ಅಂತ ನಿಮಗೆ ಹೇಳಿದ್ನಾ ಟೀಚರಮ್ಮ?"

"ನಿನಗೆ ಹೇಳಿಲ್ವಾ? ಕಳ್ಳ."

ಇಬ್ಬರೂ ನಕ್ಕರು, ನಗು ಹೆಚ್ಚು ದೂರ ಹೋಗಲಿಲ್ಲ. ಅವಳು ಬಾಚಿದಳು. ನೀರಿಲ್ಲ, ಕತ್ತರಿಯಿಲ್ಲ, ಬರೀ ಬಾಚಣಿಗೆ. ಕೂದಲು ತೆಳ್ಳಗಾಗಿತ್ತು, ಹಲ್ಲುಗಳ ನಡುವೆ ನೀರಿನಂತೆ ಹರಿಯಿತು. ಕುತ್ತಿಗೆಯ ಹತ್ತಿರ ಬಂದಾಗ ಅರಳೆ ಕಣ್ಣು ಬಿಡದೆಯೇ ಮೆಲ್ಲಗೆ ಗುರ್ ಅಂದ. ಅವಳ ಕೈ ಅಲ್ಲೇ ನಿಂತಿತು. "ಆಯ್ತಪ್ಪಾ, ಆಯ್ತು, ಮುಟ್ಟಲ್ಲ" ಅಂದಳು. ಮತ್ತೆ ಬೆನ್ನಿಗೆ ಹೋದಳು.

ಮುಗಿದ ಮೇಲೆ ಟೀಚರಮ್ಮ ದುಡ್ಡು ತರಲು ಏಳಹೋದರು. ಅವಳು ಬೇಡವೆಂದು ಕೈ ಆಡಿಸಿದಳು. ಬಾಚಣಿಗೆಯಲ್ಲಿ ಸಿಕ್ಕ ಬಿಳಿ ಕೂದಲನ್ನು ಬಿಡಿಸಿ ಹೊದಿಕೆಯ ಅಂಚಲ್ಲಿಟ್ಟಳು. ಇನ್ನು ಈ ಮನೆಯಿಂದ ತನಗೆ ಕರೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಟೀಚರಮ್ಮನಿಗೂ ಗೊತ್ತಿತ್ತು. ಅವಳು ಚಪ್ಪಲಿ ಮೆಟ್ಟಿ, ಸದ್ದಾದರೆ ಅರಳೆ ಎಚ್ಚರಾದಾನೆಂದು ಗೇಟಿನ ಅಗಳಿಯನ್ನು ಎರಡೂ ಕೈಯಿಂದ ಹಿಡಿದು ಮೆತ್ತಗೆ ಎತ್ತಿ, ಬೀದಿಗೆ ಇಳಿದಳು.