ಕೊನೆ ಹೇಳಬಾರದ ಊರು

ಬೆಂಗಳೂರಿಗೆ ಬಂದ ಮೊದಲ ತಿಂಗಳಲ್ಲೇ ನನ್ನ ಬಾಯಿ ಮುಚ್ಚಿಸಿದರು. ಮಾತಿಗೆ ಹೇಳುತ್ತಿಲ್ಲ. ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ಎದ್ದು ಬಂದು ತನ್ನ ಅಂಗೈಯನ್ನು ನನ್ನ ಬಾಯಿಗೆ ಒತ್ತಿ ಹಿಡಿದಳು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು.

ಇದು ನಡೆದದ್ದು ಬಸವೇಶ್ವರನಗರದ ಒಂದು ಪಾರ್ಕಿನಲ್ಲಿ. ಕಾನೂನು ಓದಲು ಗದಗಿನಿಂದ ಬಂದು ಕುರುಬರಹಳ್ಳಿಯ ಪಿ.ಜಿ.ಯಲ್ಲಿ ಇಳಿದಿದ್ದೆ. ಸಾರಿಗೆ ಬೆಲ್ಲ ಹಾಕುತ್ತಾರೆ, ರೊಟ್ಟಿ ಕೇಳಿದರೆ ಚಪಾತಿ ಕೊಡುತ್ತಾರೆ. ಅದನ್ನೆಲ್ಲ ಸಹಿಸಿದೆ. ಓದಿದ ಪುಸ್ತಕದ ಬಗ್ಗೆ ಮಾತಾಡಲು ಯಾರೂ ಇಲ್ಲದ್ದನ್ನು ಸಹಿಸಲಾಗಲಿಲ್ಲ. ಫ್ಯಾಂಟಸಿ ಕಾದಂಬರಿಗಳ ಹುಚ್ಚರು ಭಾನುವಾರ ಅಲ್ಲಿ ಸೇರುತ್ತಾರೆಂದು ತಿಳಿದು ಓಡಿದೆ. ಒಬ್ಬೊಬ್ಬರೂ ಒಂದು ಪುಸ್ತಕದ ಪರ ಮಾತಾಡಬೇಕು. ಹೆಚ್ಚು ಕೈ ಎದ್ದ ಪುಸ್ತಕವನ್ನು ಎಲ್ಲರೂ ಓದಬೇಕು. ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳಿಗೆ ಇನ್ನೇನು ಬೇಕು? ಇವರಿಂದ ಒಂದಾದರೂ ಕನ್ನಡ ಪುಸ್ತಕ ಓದಿಸಿಯೇ ಸೈ ಎಂದುಕೊಂಡೆ.

"ಕನ್ನಡದಲ್ಲಿ ಫ್ಯಾಂಟಸಿ ಎಲ್ಲಾ ಇದ್ಯಾ ಗುರು?" ಎಂದು ನನ್ನ ಕೈಯ ಪುಸ್ತಕ ನೋಡಿ ಪಕ್ಕದವನನ್ನು ಕೇಳಿದ ಚೇತನ್. ವಿಜಯನಗರದಲ್ಲೇ ಹುಟ್ಟಿ ಬೆಳೆದವನು, ಗುಂಪು ನಡೆಸುವವನು.

ಮೈ ಉರಿಯಿತು. ಜನ ನೆರಳು ಮಾರುವ ಪಟ್ಟಣವೊಂದರ ಹುಡುಗಿಯ ಕಥೆಯಿರುವ ಆ ಕಾದಂಬರಿಯನ್ನು ಹೇಳತೊಡಗಿದೆ. ನಮ್ಮ ಕಡೆ ಪುಸ್ತಕ ಓದಿಸುವುದೆಂದರೆ ಕಥೆಯನ್ನು ಇಡಿಯಾಗಿ ಹೇಳುವುದಲ್ಲವೇ? ತಂಗಿ ನೀಲಾ ಮತ್ತು ನಾನು ಮನೆ ಮುಂದಿನ ಕಟ್ಟೆಯ ಮೇಲೆ ಹಾಗೇ ಹೇಳಿ, ಕೇಳಿ, ಆಮೇಲೆ ಓದಿದವರು. "ಕೊನೀಗೆ ಆಕಿ ತನ್ನ ನೆರಳನ್ನೇ ಮಾರಿ..." ಎನ್ನುವಷ್ಟರಲ್ಲಿ ಆ ಅಂಗೈ ಬಂತು.

"ಅಯ್ಯೋ, ಎಂಡಿಂಗೇ ಹೇಳ್ಬಿಟ್ಳಲ್ಲೋ!" ಎಂದು ಕೂಗಿದಳು ಅಂಗೈಯ ಒಡತಿ ನಯನಾ.

ಕೊನೆಯನ್ನು ಮೊದಲೇ ಬಯಲು ಮಾಡುವುದಕ್ಕೆ ಇಲ್ಲಿ ಸ್ಪಾಯ್ಲರ್ ಎನ್ನುತ್ತಾರೆ. ಮಹಾಪರಾಧ. ಆ ಪುಸ್ತಕವನ್ನು ಮತಕ್ಕೇ ಹಾಕುವುದಿಲ್ಲ.

"ಕೊನೀ ಗೊತ್ತಾದ್ರ ಸಾಯೋದು ಎಂಥಾ ಪುಸ್ತಕ್ರೀ?" ಎಂದು ಅವಳ ಕೈ ಕಿತ್ತೆ. "ನಿಮ್ಮ ಸರದಿಯಾಗ ಆ ಡ್ರ್ಯಾಗನ್ ಕಥೀನ ಮೂರ್ ಸಲ ಓದೀನಂದ್ರಲ್ಲ, ಮೂರನೇ ಸಲ ಕೊನೀ ಮರ್ತಿತ್ತೇನು?"

"ಪಾಯಿಂಟ್ ಇದೆ ಮಗಾ," ಎಂದು ಯಾರೋ ನಕ್ಕರು.

"ಇವರ ಕನ್ನಡ ಎಷ್ಟ್ ಕ್ಯೂಟಾಗಿದೆ ಅಲ್ವಾ?" ಎಂದಳು ನಯನಾ.

ವಾದಕ್ಕೆ ಉತ್ತರವಿಲ್ಲದವರು ಉಚ್ಚಾರಣೆಯನ್ನು ಮೆಚ್ಚುತ್ತಾರೆ.

"ರೂಲ್ ಅಂದ್ರೆ ರೂಲ್ ಕಣಮ್ಮಾ," ಎಂದು ಚೇತನ್ ಮುಗಿಸಿದ. ಸೋಲಿಸಿದ್ದರೆ ಸುಮ್ಮನಿರುತ್ತಿದ್ದೆ. ಸ್ಪರ್ಧೆಗೇ ಬಿಡದೆ ಹೊರಗಿಟ್ಟರಲ್ಲ, ಆ ಸಿಟ್ಟು ಇಂದಿಗೂ ಆರಿಲ್ಲ.

ಆದರೂ ಮರುವಾರ ಹೋದೆ. ಇಲ್ಲದ ರಾಜ್ಯವೊಂದರ ಸಿಂಹಾಸನ ಯಾರಿಗೆ ಸಲ್ಲಬೇಕೆಂದು ಗಂಟಲು ಹರಿದುಕೊಂಡು ಜಗಳವಾಡುವವರು ಈ ಊರಿನಲ್ಲಿ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅವರ ವಿದ್ಯೆಯನ್ನೇ ಕಲಿತೆ. ಇನ್ನೊಂದು ಕನ್ನಡ ಕಾದಂಬರಿ ಎತ್ತಿಕೊಂಡು, ಹುಡುಗ ಬಾವಿಯೊಳಗಿನ ಬಾಗಿಲಿಗೆ ಕೈ ಹಾಕುವಲ್ಲಿ ಮಾತು ನಿಲ್ಲಿಸಿದೆ.

"ಆಮೇಲೆ?" ಎಂದ ಚೇತನ್.

"ಓದ್ಕೋ," ಎಂದೆ, ಅವನದೇ ಕನ್ನಡದಲ್ಲಿ.

ಕೈಗಳು ಎದ್ದವು. ಗೆದ್ದೆ. ನೆರಳು ಮಾರಿದ ಹುಡುಗಿಯನ್ನು ಮಾತ್ರ ಅವರಲ್ಲಿ ಒಬ್ಬರೂ ಓದಲಿಲ್ಲ.

ದಸರಾ ರಜೆಗೆ ಊರಿಗೆ ಬಂದಾಗ ನೀಲಾ ಹೊಸ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಬ್ಯಾಗು ಇಳಿಸಲೂ ಬಿಡದೆ ಶುರು ಮಾಡಿದಳು: "ಅಕ್ಕಾ, ಕೇಳಿಲ್ಲಿ. ಕೊನೀಗೆ ಆ ರಾಣಿ..."

ನನ್ನ ಅಂಗೈ ಅವಳ ಬಾಯಿಯ ಮೇಲಿತ್ತು. ಯಾವಾಗ ಇಟ್ಟೆನೋ ನನಗೇ ತಿಳಿಯಲಿಲ್ಲ.

ಅವಳು ಅದನ್ನು ಮೆಲ್ಲಗೆ ಸರಿಸಿದಳು. "ಕಥಿ ಕೇಳಾಕ ಒಲ್ಲೆ ಅಂದ್ರ ಊರಿಗ್ಯಾಕ ಬಂದಿ?"

"ಹೇಳವಾ," ಎಂದೆ.

ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು.