ಸೀಟಿ ಊದುವುದರೊಳಗೆ ಉತ್ತರ ಹೇಳಬೇಕಾದ ಮೇಡಂ

ತರೀಕೆರೆ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಜ್ಜಂಪುರಕ್ಕೆ ಹೊರಟ ಮೊದಲ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತ ಮಹಿಳೆಯೊಬ್ಬರು ಕಣ್ಣು ಮುಚ್ಚಿಕೊಂಡು ಏನನ್ನೋ ಗುನುಗುತ್ತಿದ್ದಾರೆ. ಬೆಳಗಿನ ಜಪ ಇರಬೇಕು ಅಂದುಕೊಂಡು ನಾನು ಹಿಂದಿನ ಸೀಟಿನಲ್ಲಿ ಸದ್ದು ಮಾಡದೆ ಕೂರುತ್ತೇನೆ. ಕಿವಿಗೊಟ್ಟರೆ ಅದು ಜಪವಲ್ಲ, ದುಡಿಯುವ ಬಂಡವಾಳದ ಸೂತ್ರ.

ಬಸ್ಸು ಹೊರಡುತ್ತಿದ್ದಂತೆ ಪಕ್ಕದಲ್ಲಿ ಕೂತ ಹುಡುಗಿ ಕೇಳುತ್ತಾಳೆ, "ಮೇಡಂ, ರೆಡೀನಾ? ಒಂದು ಕಂಪನಿ ಲಾಭ ಎಲ್ಲಾ ಹಂಚದೆ ತನ್ ಹತ್ರಾನೇ ಇಟ್ಕೊಂಡ್ರೆ, ಆ ದುಡ್ಡಿಗೆ ವೆಚ್ಚ ಇದೆಯಾ, ಇಲ್ವಾ?"

ಮೇಡಂ ಕಣ್ಣು ತೆರೆಯುತ್ತಾರೆ. "ಒಳ್ಳೇ ಪ್ರಶ್ನೆ ಕಣೇ. ಮೊದ್ಲು ಲಾಭ ಯಾರ್ದು ಅಂತ ಯೋಚ್ನೆ ಮಾಡು. ಕಂಪನೀದಾ, ಷೇರು ತಗೊಂಡೋರ್ದಾ? ಈಗ ನಿಮ್ಮನೇಲಿ..." ಅಷ್ಟರಲ್ಲಿ ಪುರ್‍ರ್ ಎಂದು ಸೀಟಿ. ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಂತಿದೆ. ಹುಡುಗಿ ತಲೆ ಚಚ್ಚಿಕೊಳ್ಳುತ್ತಾಳೆ. "ಹೋಯ್ತು ಮೇಡಂ, ಟೈಂ ಮುಗೀತು."

ಕಂಡಕ್ಟರ್ ಕರಿಯಣ್ಣನಿಗೂ ಬೇಸರ. "ಏನ್ ಮೇಡಂನೋರೆ, ನಾನು ಬೇಕಂತ್ಲೇ ತಡ ಮಾಡಿ ಊದ್ದೆ. ಆದ್ರೂ ನೀವಿನ್ನೂ ಮುನ್ನುಡೀಲೇ ಇದ್ದೀರಲ್ಲ!" ಎನ್ನುತ್ತಾನೆ. ಇಡೀ ಬಸ್ಸು ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುವವರು ಮೇಡಂ.

ಇವರು ಕೋಮಲಾ. ಅಜ್ಜಂಪುರದ ಪದವಿ ಕಾಲೇಜಿನಲ್ಲಿ ವಾಣಿಜ್ಯ ಮತ್ತು ಹಣಕಾಸು ಕಲಿಸುವ ಅತಿಥಿ ಉಪನ್ಯಾಸಕಿ. ಹನ್ನೆರಡು ವರ್ಷದಿಂದ ಅತಿಥಿಯಾಗಿಯೇ ಇದ್ದಾರೆ. ನಮ್ಮ ಮನೆಗೆ ಅಷ್ಟು ವರ್ಷ ಬಂದುಹೋದವರನ್ನು ನಾವು ಯಾರೂ ಅತಿಥಿ ಎಂದು ಕರೆಯುವುದಿಲ್ಲ, ಆದರೆ ಇಲಾಖೆಯ ಭಾಷೆಯೇ ಬೇರೆ. ಪ್ರಶ್ನೆ ಕೇಳಿದ ಹುಡುಗಿ ಶ್ರುತಿ, ಇವರ ಬಿ.ಕಾಂ. ವಿದ್ಯಾರ್ಥಿನಿ. ಕಲಿಸುವವರನ್ನು ಕಲಿಯುವವರೇ ಹೀಗೆ ಬಸ್ಸಿನಲ್ಲಿ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿರುವುದೇಕೆ ಎಂದು ತಿಳಿಯಲು ನಾನು ಅಜ್ಜಂಪುರದವರೆಗೂ ಟಿಕೆಟ್ ತೆಗೆದುಕೊಂಡಿದ್ದೇನೆ.

ಕೋಮಲಾ ಅವರ ಬಗ್ಗೆ ಅವರನ್ನೇ ಕೇಳಿದರೆ ಹೆಚ್ಚೇನೂ ಸಿಗುವುದಿಲ್ಲ. "ನಂದೇನಿದೆ ಸಾರ್, ಪಾಠ ಮಾಡ್ತೀನಿ, ಮನೇಗ್ ಹೋಗ್ತೀನಿ" ಎಂದು ಮಾತು ಮುಗಿಸುತ್ತಾರೆ. ಹಾಗಾಗಿ ವಿದ್ಯಾರ್ಥಿಗಳನ್ನೇ ಕೇಳಬೇಕು. ಶ್ರುತಿ ಲಿಂಗದಹಳ್ಳಿಯವಳು. ಅಲ್ಲಿಂದ ತರೀಕೆರೆಗೆ ಬಂದು, ಬಸ್ಸು ಬದಲಿಸಿ ಅಜ್ಜಂಪುರಕ್ಕೆ ಹೋಗುತ್ತಾಳೆ. ತರೀಕೆರೆಯಲ್ಲೇ ಕಾಲೇಜು ಇರುವಾಗ ಈ ಅಲೆದಾಟ ಯಾಕಮ್ಮಾ ಎಂದರೆ, "ನಮ್ಮಕ್ಕ ಇವ್ರ ಹತ್ರಾನೇ ಓದಿದ್ದು ಸಾರ್. ನೀನು ಎಲ್ಲಿಗೆ ಸೇರಿದ್ರೂ ಪಾಸಾಗ್ತೀಯ, ಅರ್ಥ ಆಗ್ಬೇಕು ಅಂದ್ರೆ ಮಾತ್ರ ಅಜ್ಜಂಪುರಕ್ಕೆ ಹೋಗು ಅಂದ್ಲು" ಎನ್ನುತ್ತಾಳೆ.

ಎಲ್ಲರ ಅಭಿಪ್ರಾಯವೂ ಇಷ್ಟು ಸಿಹಿಯಾಗಿಲ್ಲ. ಇದೇ ಬಸ್ಸಿನಲ್ಲಿ ಬರುವ ಅವಳ ಸಹಪಾಠಿ, ತರೀಕೆರೆಯ ಭಾರ್ಗವನಿಗೆ ಸಿ.ಎ. ಮಾಡುವ ಆತುರ. "ನಿಧಾನ ಸಾರ್, ವಿಪರೀತ ನಿಧಾನ" ಎಂದು ಅವನು ಮೇಡಂ ಎದುರಿಗೇ ಹೇಳುತ್ತಾನೆ. "ಕೊನೇ ಬೆಂಚಲ್ಲಿ ಕೂತೋರು ತಲೆ ಆಡ್ಸೋವರ್ಗೂ ಬೋರ್ಡ್ ಒರ್ಸಲ್ಲ. ಆಡ್ಸಿದ್ರೂ ನಂಬಲ್ಲ. ಎದ್ದು ನೀನೇ ಹೇಳು ನೋಡೋಣ ಅಂತಾರೆ. ಅವ್ನು ತಪ್ಪು ಹೇಳ್ತಾನೆ. ಮತ್ತೆ ಶುರು!" ಮೇಡಂ ಇದನ್ನೆಲ್ಲ ಕೇಳಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಮುಗುಳ್ನಗುತ್ತಾರೆ. ಹೀಗೆ ತೆವಳುವ ಪಾಠವನ್ನು ಮುಗಿಸಲೆಂದೇ ಅವರು ಕಾಲೇಜು ತೆರೆಯುವ ಮೊದಲು ಒಂದು ತರಗತಿ ನಡೆಸುತ್ತಾರೆ. ಅದಕ್ಕೆ ಸಂಬಳವಿಲ್ಲ, ಹಾಜರಿಯೂ ಇಲ್ಲ, ಆದರೂ ಕೊಠಡಿ ತುಂಬಿರುತ್ತದೆ.

ಆ ತರಗತಿಯಲ್ಲಿ ನಾನೂ ಕೂರುತ್ತೇನೆ. ಇವತ್ತಿನ ಒಂದು ರೂಪಾಯಿ, ನಾಳೆಯ ಒಂದು ರೂಪಾಯಿಗಿಂತ ಯಾಕೆ ಹೆಚ್ಚು ಎನ್ನುವುದು ಪಾಠ. ಪುಸ್ತಕದಲ್ಲಿ ಇದು ಅರ್ಧ ಪುಟ. ಕೋಮಲಾ ಪುಸ್ತಕ ತೆರೆಯುವುದೇ ಇಲ್ಲ. "ಯಾರ್ ಯಾರ ಮನೇಲಿ ಈರುಳ್ಳಿ ಹಾಕಿದ್ದೀರಿ?" ಎಂದು ಕೇಳುತ್ತಾರೆ. ಅರ್ಧಕ್ಕರ್ಧ ಕೈಗಳು ಮೇಲೇಳುತ್ತವೆ. ಕಿತ್ತ ತಕ್ಷಣ ಮಾರಬೇಕೋ, ಬೆಲೆ ಏರಲೆಂದು ಶೆಡ್ಡಿನಲ್ಲಿ ಇಡಬೇಕೋ? ಅಷ್ಟೇ ಸಾಕು, ತರಗತಿ ಎರಡು ಹೋಳಾಗುತ್ತದೆ. ಇಟ್ಟರೆ ಕೊಳೆಯುತ್ತದೆ ಎಂದು ಒಬ್ಬ, ಒಣಗಿ ತೂಕ ಕಳೆದುಕೊಳ್ಳುತ್ತದೆ ಎಂದು ಇನ್ನೊಬ್ಬಳು, ಈಗಲೇ ಮಾರಿದ್ದರೆ ಆ ದುಡ್ಡಿನಲ್ಲಿ ಮುಂದಿನ ಬೆಳೆಗೆ ಗೊಬ್ಬರ ತರಬಹುದಿತ್ತಲ್ಲ ಎಂದು ಮತ್ತೊಬ್ಬ. ಜಗಳ ಕಾವೇರಿದ ಮೇಲೆ ಕೋಮಲಾ ಬೋರ್ಡಿನ ಕಡೆ ತಿರುಗಿ, ಅವರ ಮಾತುಗಳನ್ನೇ ಒಂದೊಂದಾಗಿ ಸೂತ್ರದೊಳಗೆ ಜೋಡಿಸುತ್ತಾರೆ. ವಾಣಿಜ್ಯದ ಗಂಧಗಾಳಿಯಿಲ್ಲದ ನನಗೂ ಅದು ಅರ್ಥವಾಯಿತು ಅಂದರೆ ಉಳಿದದ್ದು ನೀವೇ ಊಹಿಸಿ.

ಈ ನಿಧಾನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕೋಮಲಾ ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಮಗಳು. ಅಪ್ಪ ಕಲ್ಲೇಶಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಆ ಸದ್ದಿನಲ್ಲೇ ಓದಿ, ಕಡೂರಿಗೆ ಬಸ್ಸಿನಲ್ಲಿ ಓಡಾಡಿ ಪದವಿ ಮುಗಿಸಿ, ಎಂ.ಕಾಂ.ಗೆ ಹೋದಾಗ ಅಲ್ಲಿನ ಪಾಠದ ವೇಗಕ್ಕೆ ತತ್ತರಿಸಿದರು. "ಎಲ್ರೂ ತಲೆ ಆಡ್ಸೋರು, ನಾನೂ ಆಡ್ಸೋಳು. ಅರ್ಥ ಆಗ್ಲಿಲ್ಲ ಅನ್ನೋಕೆ ಬಾಯೇ ಬತ್ತಿರ್ಲಿಲ್ಲ. ನಾನೇ ದಡ್ಡಿ ಅಂದ್ಕೊಂಡ್ಬಿಟ್ಟೆ. ರಜಕ್ಕೆ ಬಂದಾಗ ಗಿರಣಿ ಮುಂದೆ ಕೂತು ಒಬ್ಳೇ ಅತ್ತಿದ್ದೀನಿ. ಆಮೇಲೆ ನಾನೇ ಒಂದೊಂದು ಸಾಲು ಓದ್ಕೊಂಡು ಪಾಸ್ ಮಾಡ್ದೆ. ಮೇಡಂ ಆದ್ರೆ ಸುಮ್ ಸುಮ್ನೆ ತಲೆ ಆಡ್ಸೋಕೆ ಯಾರ್ಗೂ ಬಿಡಲ್ಲ ಅಂತ ಆಗ್ಲೇ ಅಂದ್ಕೊಂಡಿದ್ದೆ" ಎನ್ನುತ್ತಾರೆ.

ಹಾಗೆ ಕಾಪಾಡಿಕೊಂಡು ಬಂದ ನಿಧಾನವೇ ಈಗ ಅವರ ಕೆಲಸಕ್ಕೆ ಕುತ್ತು ತಂದಿದೆ. ಅತಿಥಿ ಉಪನ್ಯಾಸಕರ ಆಯ್ಕೆ ಪ್ರತಿ ವರ್ಷ ಹೊಸದಾಗಿ ನಡೆಯುತ್ತದೆ. ಅರ್ಹತಾ ಪರೀಕ್ಷೆ ಪಾಸಾದವರು ಮುಂದೆ, ಆಗದವರು ಹಿಂದೆ. ಪಾಸಾದವರ ಸಂಖ್ಯೆ ಹೆಚ್ಚಿದಂತೆಲ್ಲ ಹಿಂದಿನವರು ಹೊರಗೆ ಬೀಳುತ್ತಿದ್ದಾರೆ. ಕಳೆದ ಸಲ ಕೋಮಲಾ ಪರೀಕ್ಷೆ ಬರೆದು ಫೇಲಾದರು. ವಿಷಯ ಬಾರದೆ ಅಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದುದರ ಪುಟ್ಟ ವೃತ್ತವನ್ನು, ಅಂದರೆ ಗುಂಡನ್ನು, ಪೆನ್ನಿನಿಂದ ತುಂಬಿ ಮುಂದೆ ಹೋಗಬೇಕಾದ ಪರೀಕ್ಷೆ ಅದು. ಇವರು ಒಂದೊಂದು ಲೆಕ್ಕವನ್ನೂ ಎರಡು ದಾರಿಯಲ್ಲಿ ಮಾಡಿ ತಾಳೆ ನೋಡುತ್ತಾ ಕೂತರು. ಖಚಿತವಿಲ್ಲದ ಪ್ರಶ್ನೆಗಳನ್ನು ಖಾಲಿ ಬಿಟ್ಟರು. ಕೊನೆಯ ಗಂಟೆ ಹೊಡೆದಾಗ ಉಳಿದ ಪುಟಗಳನ್ನು ಓದಿಯೂ ಇರಲಿಲ್ಲ.

ಈ ಖಾಲಿ ಬಿಟ್ಟ ಸಂಗತಿ ಕೇಳಿ ಭಾರ್ಗವನಿಗೆ ತಡೆಯಲಾಗಲಿಲ್ಲವಂತೆ. "ತಪ್ಪಾದ್ರೆ ಮಾರ್ಕ್ಸ್ ಕಟ್ ಮಾಡಲ್ಲ ಮೇಡಂ! ಸುಮ್ನೆ ಒಂದು ತುಂಬ್ಬೇಕಿತ್ತು!" ಎಂದು ಕೂಗಾಡಿದ್ದಾನೆ. "ಗೊತ್ತಿಲ್ದೆ ಗೊತ್ತು ಅಂತ ಹೆಂಗೋ ಹೇಳೋದು?" ಎಂದು ಮೇಡಂ ಕೇಳಿದ್ದಾರೆ. ಆಗ ಅವನು ಕೊಟ್ಟ ಉತ್ತರ ಕಾಲೇಜಿನಲ್ಲಿ ಈಗಲೂ ಓಡಾಡುತ್ತಿದೆ: "ಕಳ್ಕೊಳ್ಳೋದು ಏನೂ ಇಲ್ಲ, ಗೆದ್ರೆ ಲಾಭ ಅಂದ್ರೆ ಕೈ ಹಾಕ್ಬೇಕು ಅಂತ ರಿಸ್ಕ್ ಪಾಠ ಮಾಡಿದ್ದು ಯಾರು ಮೇಡಂ?"

ವಿದ್ಯಾರ್ಥಿಗಳಿಗೆ ವಿಷಯ ತಿಳಿದದ್ದೂ ವಿಚಿತ್ರ ರೀತಿಯಲ್ಲಿ. ಒಂದು ದಿನ ಕೋಮಲಾ ಇದ್ದಕ್ಕಿದ್ದಂತೆ ವೇಗವಾಗಿ ಪಾಠ ಮಾಡತೊಡಗಿದರು. ಯಾರನ್ನೂ ಎಬ್ಬಿಸಿ ಕೇಳಲಿಲ್ಲ, ಬೋರ್ಡು ಸರಸರನೆ ಒರೆಸಿದರು. "ನಂಗೆ ಮೊದ್ಲು ಖುಷಿ ಆಯ್ತು. ಎರಡನೇ ದಿನ ಭಯ ಆಯ್ತು. ಮೂರನೇ ದಿನ ನಾವೆಲ್ಲ ಹೋಗಿ ಏನಾಯ್ತು ಮೇಡಂ ಅಂತ ಕೇಳಿದ್ವಿ" ಎನ್ನುತ್ತಾನೆ ಭಾರ್ಗವ. ಈ ಸಲವೂ ಪಾಸಾಗದಿದ್ದರೆ ಮುಂದಿನ ವರ್ಷ ತಾನಿರುವುದಿಲ್ಲ, ಅಷ್ಟರಲ್ಲಿ ಸಿಲಬಸ್ ಮುಗಿಸಿಬಿಡಬೇಕು ಅಂತಿದ್ದೇನೆ ಎಂದು ಅವರು ಹೇಳಿದಾಗ, ಪಾಠ ಮೊದಲಿನಂತೆ ನಿಧಾನವಾಗಿಯೇ ಇರಲಿ, ವೇಗದ ಅಭ್ಯಾಸ ಬೇರೆ ಕಡೆ ಮಾಡಿಸೋಣ ಎಂದು ವಿದ್ಯಾರ್ಥಿಗಳೇ ಪಟ್ಟು ಹಿಡಿದರಂತೆ. ಸೀಟಿಯ ಉಪಾಯ ಹೊಳೆದದ್ದು ಶ್ರುತಿಗೆ. ಒಂದು ಸ್ಟಾಪಿಗೆ ಒಂದು ಪ್ರಶ್ನೆ, ಕರಿಯಣ್ಣ ಊದುವುದರೊಳಗೆ ಉತ್ತರ, ವಿವರಣೆ ನಿಷಿದ್ಧ.

ಕೋಮಲಾ ಅವರ ಗಂಡ ಸಿದ್ದಲಿಂಗೇಶ್ ತರೀಕೆರೆಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಬೆಳಿಗ್ಗೆ ಹೆಂಡತಿಗೆ ಬುತ್ತಿ ಕಟ್ಟುವವರೂ ಅವರೇ. "ಎಂಥಾ ಮೋಟ್ರು ತಂದ್ಕೊಟ್ರೂ ಸ್ಪೀಡ್ ಬರ್ಸಿ ಕಳಿಸ್ತೀನಿ ಸಾರ್. ಇವ್ಳಿಗೆ ಮಾತ್ರ ನನ್ ಕೈಲಿ ಆಗ್ಲಿಲ್ಲ. ಆ ಹುಡುಗ್ರು ಏನ್ ಮಾಡ್ತಾರೋ ನೋಡ್ಬೇಕು" ಎಂದು ನಗುತ್ತಾರೆ. ನಗುವಿನ ಹಿಂದೆ ಆತಂಕ ಇಣುಕುತ್ತದೆ. "ಕಾಲೇಜು ಬಿಡ್ಸಿದ್ರೆ ಮನೇಗೇನೋ ತೊಂದ್ರೆ ಇಲ್ಲ, ಹೆಂಗೋ ನಡೀತದೆ. ಅವ್ಳು ತಡ್ಕೊಳಲ್ಲ" ಎಂದು ದನಿ ತಗ್ಗಿಸುತ್ತಾರೆ.

ಪರೀಕ್ಷೆ ಮುಗಿದ ಮೇಲೆ ನಾನು ಮತ್ತೆ ಅದೇ ಬಸ್ಸು ಹತ್ತುತ್ತೇನೆ. ಹೇಗಾಯಿತು ಎಂದು ಕೇಳುವುದಕ್ಕೂ ಅಂಜಿಕೆ. ಅವರೇ ಶುರು ಮಾಡುತ್ತಾರೆ. "ಮೊದ್ಲು ಗಡಿಯಾರಾನೇ ನೋಡ್ತಾ ಕೂತಿದ್ದೆ ಸಾರ್. ಒಂದು ಪ್ರಶ್ನೆ ನೋಡಿ ಧೈರ್ಯ ಬಂತು. ಎರಡು ಯೋಜನೆ ಇವೆ, ಒಂದನ್ನ ಮಾತ್ರ ಆರಿಸ್ಬೇಕು. ಶೇಕಡಾ ಲೆಕ್ಕ ಹಾಕಿದ್ರೆ ಒಂದು ಮೇಲು, ಕೊನೇಗೆ ಕೈಗೆ ಉಳಿಯೋದು ನೋಡಿದ್ರೆ ಇನ್ನೊಂದು ಮೇಲು. ಯಾವ್ದನ್ನ ನಂಬ್ಬೇಕು ಅಂತ. ಇದನ್ನ ಈ ಶ್ರುತಿ ಹೋದ್ ವರ್ಷ ನನ್ ಕೈಲಿ ಒಂದ್ ವಾರ ಹೇಳ್ಸಿದ್ಲು! ಎಷ್ಟ್ ಹೇಳಿದ್ರೂ ಒಪ್ತಿರ್ಲಿಲ್ಲ. ಕೊನೇಗೆ ಮೇಕೆ, ಎಮ್ಮೆ ಉದಾಹರಣೆ ತಂದೆ. ಮೇಕೆ ಹಾಕಿದ ದುಡ್ಡಿಗೆ ಬೇಗ ಬೇಗ ಲಾಭ ಕೊಡುತ್ತೆ, ನಿಜ. ಆದ್ರೆ ಕೊಟ್ಟಿಗೇಲಿ ಒಂದಕ್ಕೇ ಜಾಗ ಇದ್ರೆ, ವರ್ಷದ ಕೊನೇಗೆ ಮನೇಗೆ ಹೆಚ್ಚು ಉಳ್ಸೋದು ಎಮ್ಮೆ. ಅದನ್ನೇ ಕಟ್ಟು ಅಂದೆ. ಆಗ ಒಪ್ಪಿದ್ಲು. ಪರೀಕ್ಷೇಲಿ ಪ್ರಶ್ನೆ ಪೂರ್ತಿ ಓದೋದಕ್ಕೂ ಮುಂಚೆ ಇವ್ಳ ಮುಖ ಕಂಡ್ತು. ಎಮ್ಮೆ ಅಂದ್ಕೊಂಡು ಗುಂಡು ತುಂಬಿ ಮುಂದಕ್ಕೆ ಹೋದೆ."

ಅಂಥ ಪ್ರಶ್ನೆಗಳು ಒಂದಾದ ಮೇಲೊಂದು ಬಂದವಂತೆ. ಕೊನೆಯ ಬೆಂಚಿನವರು ಯಾವುದನ್ನು ಹತ್ತು ಸಲ ಕೇಳಿದ್ದರೋ ಅದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ನಿಧಾನವಾಗಿ ಕಲಿಸಿದ ಪಾಠಗಳಿಗೆ ಅವರು ಬೇಗ ಉತ್ತರಿಸಿದರು, ಅವಸರದಲ್ಲಿ ದಾಟಿದ ಪಾಠಗಳ ಮುಂದೆ ತಡವರಿಸಿದರು. ತಿಳಿಯದ ಕಡೆ, ಭಾರ್ಗವ ಹಟ ಹಿಡಿದು ಮಾತು ತೆಗೆದುಕೊಂಡಿದ್ದರಿಂದ, ಕಣ್ಣು ಮುಚ್ಚಿ ಗುಂಡು ತುಂಬಿದರು. "ಅದು ಮಾತ್ರ ಕಷ್ಟ ಆಯ್ತು" ಎಂದು ಈಗಲೂ ಮುಖ ಕಿವುಚುತ್ತಾರೆ.

ಫಲಿತಾಂಶ ಬಂದ ದಿನ ನನಗೆ ಮೊದಲು ಫೋನ್ ಮಾಡಿದವನು ಕರಿಯಣ್ಣ. "ಪಾಸು ಸಾರ್! ನಮ್ ಮೇಡಂನೋರು ಪಾಸು!" ಎಂದು ಕೂಗಿದ ದನಿಗೆ ನನಗೂ ಕಣ್ಣು ತುಂಬಿ ಬಂತು. ಯಾರದೋ ಪರೀಕ್ಷೆ, ಯಾರದೋ ಬಸ್ಸು, ನನಗೇಕೆ ಅಷ್ಟು ಸಂತೋಷವಾಯಿತೋ ಗೊತ್ತಿಲ್ಲ. ಈ ವರ್ಷದ ಆಯ್ಕೆಯಲ್ಲಿ ಅವರಿಗೆ ಅಜ್ಜಂಪುರವೇ ಸಿಕ್ಕಿದೆ. ಬೇರೆ ಊರು ಕೇಳಬಹುದಿತ್ತು, ಕೇಳಿಲ್ಲ.

ಹೊಸ ಶೈಕ್ಷಣಿಕ ವರ್ಷದ ಮೊದಲ ಪಾಠಕ್ಕೆ ನನಗೂ ಆಹ್ವಾನವಿದೆ. ಕೊನೆಯ ವರ್ಷಕ್ಕೆ ಬಂದ ಶ್ರುತಿ, ಭಾರ್ಗವ ಇಬ್ಬರೂ ಬಂದಿದ್ದಾರೆ. ಕೋಮಲಾ ಹೊಸ ಅಧ್ಯಾಯ ಶುರು ಮಾಡುತ್ತಾರೆ. ಬಸ್ಸಿನ ಅಭ್ಯಾಸ ಇನ್ನೂ ಮೈಯಲ್ಲಿದೆಯೋ ಏನೋ, ಮಾತು ಚುರುಕಾಗಿದೆ, ಬೋರ್ಡು ಬೇಗ ತುಂಬುತ್ತದೆ. ಒರೆಸಲು ಡಸ್ಟರ್ ಎತ್ತಿಕೊಂಡು, "ಎಲ್ರಿಗೂ ಆಯ್ತೇನ್ರಪ್ಪಾ?" ಎಂದು ಕೇಳುತ್ತಾರೆ. ಹಿಂದಿನ ಬೆಂಚುಗಳಲ್ಲಿ ಕೆಲವರು ಮುಖ ಮುಖ ನೋಡಿಕೊಂಡು ಮೆಲ್ಲಗೆ ತಲೆ ಆಡಿಸುತ್ತಾರೆ.

ಆಗ ಮುಂದಿನ ಬೆಂಚಿನಿಂದ ಭಾರ್ಗವ ಎದ್ದು ನಿಲ್ಲುತ್ತಾನೆ. "ಮೇಡಂ, ನಂಗೆ ಅರ್ಥ ಆಗಿದೆ. ಆದ್ರೂ ಇನ್ನೊಂದ್ಸಲ ಹೇಳಿ."

ಕೋಮಲಾ ಅವನನ್ನು ನೋಡುತ್ತಾರೆ, ಅವನ ಹಿಂದಿನ ಬೆಂಚುಗಳನ್ನು ನೋಡುತ್ತಾರೆ. ಡಸ್ಟರ್ ಕೆಳಗಿಡುತ್ತಾರೆ. ಬಾಗಿಲ ಬಳಿ ಕೂತ ನನ್ನ ಕಡೆ ತಿರುಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ, "ನಾನು ಪಾಸಾಗಿದ್ದು ಈಗ ಸಾರ್."